ಯುದ್ಧಕಾಲದ ರಾಷ್ಟ್ರಪತಿ ಡಾ. ರಾಧಾಕೃಷ್ಣನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕಳಿಸು ಎಂದು ನಿವೃತ್ತರಾಗಿರುವ ನಮ್ಮ ಸಮಾಜ ವಿಜ್ಞಾನದ ಗುರುಗಳು ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಅವರ ದನಿ ಕೇಳಿದ ಕೂಡಲೇ ಗೊತ್ತಿಲ್ಲದಂತೆಯೇ ಎದ್ದು ನಿಂತೆ. ಪಕ್ಕದ ಸಹೋದ್ಯೋಗಿಗಳು ನಕ್ಕರು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮಾತ್ರ ಅದರ ಅರ್ಥ ಗೊತ್ತಾಗುತ್ತದೆ.

ಗುರುಗಳಿಗೆ ನಾನು ಒಂದು ಉತ್ತರ ಬಾಕಿ ಇಟ್ಟಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮ ಸಿರವಾರ ಮಾನ್ವಿ ತಾಲ್ಲೂಕಿನಲ್ಲಿತ್ತು. ನಾನು ಹತ್ತನೇ ತರಗತಿ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಬಗ್ಗೆ ಭಾಷಣ ಮಾಡಿದೆ. ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಒಯ್ದ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಚಪ್ಪಾಳೆ ಬಿತ್ತು, ಬಹುಮಾನವಾಗಿ ಒಂದು ಪೆನ್ನೂ ಸಿಕ್ಕಿತು. ಕಾರ್ಯಕ್ರಮ ಮುಗಿದ ಮೇಲೆ ಗುರುಗಳು ನನ್ನನ್ನು ಕರೆದು, ರಾಷ್ಟ್ರಪತಿಯಾದ ಮೇಲೆ ಅವರು ಏನು ಮಾಡಿದರು ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿ ಬಂದು ಹೇಳು ಅಂದರು. ನಾನು ಹುಡುಕಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ಪಿಯುಸಿ, ಬಿಇ, ನೌಕರಿ ಅಂತ ಇಪ್ಪತ್ತು ವರ್ಷ ಹೋಯಿತು.

ರಾಧಾಕೃಷ್ಣನ್ ಹುಟ್ಟಿದ್ದು 1888ರ ಸೆಪ್ಟೆಂಬರ್ 5ರಂದು, ತಿರುತ್ತಣಿಯಲ್ಲಿ. ಬಡತನದ ತೆಲುಗು ಮನೆತನ. ತಿರುಪತಿ, ವೆಲ್ಲೂರುಗಳಲ್ಲಿ ಓದಿ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಹೊಸ ಪುಸ್ತಕ ಕೊಳ್ಳಲು ದುಡ್ಡಿಲ್ಲದಾಗ ಬಂಧುವೊಬ್ಬರು ಓದಿ ಮುಗಿಸಿದ ತತ್ವಶಾಸ್ತ್ರದ ಪುಸ್ತಕಗಳು ಸಿಕ್ಕಿದ್ದರಿಂದ ಆ ವಿಷಯವನ್ನೇ ಆರಿಸಿಕೊಂಡರು ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಓದಿದ ನಮ್ಮಂಥವರಿಗೆ ಈ ಮಾತು ಹತ್ತಿರವಾಗುತ್ತದೆ. 1909ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಬಂದರು, 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೋದರು. ಕನ್ನಡ ನಾಡಿನಲ್ಲಿ ಅವರಿದ್ದದ್ದು ಮೂರೇ ವರ್ಷ. ಸಾರೋಟಿನ ಕಥೆ ಅಲ್ಲಿಯದು. ಮುಂದೆ ಆಂಧ್ರ ವಿಶ್ವವಿದ್ಯಾಲಯದ ಕುಲಪತಿ, ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕ, 1939ರಿಂದ 1948ರವರೆಗೆ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕುಲಪತಿ.

ಯುದ್ಧ ಅವರ ಬಾಗಿಲಿಗೆ ಮೊದಲು ಬಂದದ್ದು ಕಾಶಿಯಲ್ಲಿ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮುಂದಿದ್ದರು. ಸಿಟ್ಟಾದ ಪ್ರಾಂತದ ಗವರ್ನರ್ ವಿಶ್ವವಿದ್ಯಾಲಯವನ್ನೇ ಯುದ್ಧದ ಆಸ್ಪತ್ರೆಯಾಗಿ ಮಾಡಲು ಹೊರಟ. ರಾಧಾಕೃಷ್ಣನ್ ದೆಹಲಿಗೆ ಹೋಗಿ ವೈಸರಾಯರ ಮನವೊಲಿಸಿ ಅದನ್ನು ತಪ್ಪಿಸಿದರು. ಸರ್ಕಾರದ ಅನುದಾನ ನಿಂತಾಗ ಊರೂರು ತಿರುಗಿ ಹಣ ಕೂಡಿಸಿದರು. ಅವರ ಕೈಯಲ್ಲಿ ಪೊಲೀಸರಿರಲಿಲ್ಲ, ಸೈನ್ಯ ಇರಲಿಲ್ಲ. ಮಾತು ಒಂದೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಅವರನ್ನು 1949ರಲ್ಲಿ ರಾಯಭಾರಿಯಾಗಿ ಮಾಸ್ಕೋಗೆ ಕಳಿಸಲಾಯಿತು. ಸ್ಟಾಲಿನ್ ಎದುರು ಕೂತು ಅವರು ಅಶೋಕ ಚಕ್ರವರ್ತಿಯ ಕಥೆ ಹೇಳಿದರು. ಕಳಿಂಗದ ರಕ್ತಪಾತ ನೋಡಿ ಯುದ್ಧ ಬಿಟ್ಟ ರಾಜನ ಕಥೆ. ಇದನ್ನು ಓದಿದಾಗ ನನಗೆ ನಮ್ಮ ಮಸ್ಕಿಯ ಬಂಡೆ ಕಣ್ಣ ಮುಂದೆ ಬಂತು. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಇರುವ ಶಾಸನ ಮೊದಲು ಸಿಕ್ಕಿದ್ದು ಅಲ್ಲೇ, 1915ರಲ್ಲಿ. ಶಾಲೆಯಿಂದ ಪ್ರವಾಸ ಹೋಗಿದ್ದಾಗ ಆ ಬಂಡೆಯ ಹತ್ತಿರ ಕೂತು ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದಿದ್ದೆವು.

1952ರಿಂದ ಹತ್ತು ವರ್ಷ ಉಪರಾಷ್ಟ್ರಪತಿಯಾಗಿದ್ದು, 1962ರ ಮೇ 13ರಂದು ರಾಧಾಕೃಷ್ಣನ್ ರಾಷ್ಟ್ರಪತಿಯಾದರು. ಆ ವರ್ಷದಿಂದಲೇ ಅವರ ಜನ್ಮದಿನ ಶಿಕ್ಷಕರ ದಿನವಾಯಿತು. ನನ್ನ ಭಾಷಣ ಇಲ್ಲಿಗೆ ಮುಗಿದಿತ್ತು. ಗುರುಗಳ ಪ್ರಶ್ನೆ ಶುರುವಾಗುವುದೂ ಇಲ್ಲಿಂದಲೇ.

ಮೊದಲ ಶಿಕ್ಷಕರ ದಿನಾಚರಣೆ ಆಗಿ ಸರಿಯಾಗಿ 45 ದಿನಕ್ಕೆ, 1962ರ ಅಕ್ಟೋಬರ್ 20ರಂದು, ಚೀನಾದ ಸೈನ್ಯ ಲಡಾಖ್ ಮತ್ತು ಈಗಿನ ಅರುಣಾಚಲ ಪ್ರದೇಶದ ಗಡಿಗಳಲ್ಲಿ ಒಮ್ಮೆಲೇ ದಾಳಿ ಮಾಡಿತು. ನಮ್ಮ ಸೈನಿಕರಿಗೆ ಹಿಮಾಲಯದ ಚಳಿಗೆ ಬೇಕಾದ ಬಟ್ಟೆ ಇರಲಿಲ್ಲ, ಒಳ್ಳೆಯ ಬಂದೂಕು ಇರಲಿಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಜೊತೆ ಹೊಂದಾಣಿಕೆಯಾಗದೆ 1959ರಲ್ಲಿ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಹೇಳಿದ್ದಕ್ಕೆ ಹಿಂದೆ ತೆಗೆದುಕೊಂಡಿದ್ದರು. ಅದರಿಂದ ಯಾರೂ ಪಾಠ ಕಲಿತಿರಲಿಲ್ಲ.

ಅಕ್ಟೋಬರ್ 26ರಂದು ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ತುರ್ತು ಪರಿಸ್ಥಿತಿ ಅದು. ನಮ್ಮ ಸಂವಿಧಾನದಲ್ಲಿ ಮೂರೂ ಸೇನೆಗಳ ಪರಮಾಧಿಕಾರ ರಾಷ್ಟ್ರಪತಿಯ ಹೆಸರಿನಲ್ಲಿದೆ. ಆದರೆ ಅವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಹಾಗಾಗಿ ಯುದ್ಧ ನಡೆಸುವ ಕೆಲಸ ಅವರದಾಗಿರಲಿಲ್ಲ. 74 ವರ್ಷದ ಆ ಮೇಷ್ಟ್ರು ತಮ್ಮ ಕೈಯಲ್ಲಿದ್ದದ್ದನ್ನು ಮಾಡಿದರು, ನಿಜ ಹೇಳಿದರು. ನಾವು ಸುಲಭವಾಗಿ ನಂಬಿ ಮೋಸಹೋದೆವು, ಸಿದ್ಧತೆಯಲ್ಲಿ ಅಲಕ್ಷ್ಯ ಮಾಡಿದೆವು ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ನೆಹರೂ ಅವರ ಹಳೆಯ ಗೆಳೆಯರು, ಅವರನ್ನು ಈ ಸ್ಥಾನಕ್ಕೆ ತಂದವರು. ತಮ್ಮದೇ ಸರ್ಕಾರದ ಬಗ್ಗೆ, ಯುದ್ಧದ ಹೊತ್ತಿನಲ್ಲಿ, ರಾಷ್ಟ್ರಪತಿ ಹಾಗೆ ಮಾತಾಡುವುದು ಸಣ್ಣ ವಿಷಯವಲ್ಲ. ಮೆನನ್ ಹುದ್ದೆ ಬಿಡಬೇಕು ಎಂಬ ಅಭಿಪ್ರಾಯ ಅವರಿಗೂ ಇತ್ತು. ಅಕ್ಟೋಬರ್ ಕೊನೆಗೆ ಮೆನನ್ ರಕ್ಷಣಾ ಖಾತೆ ಬಿಟ್ಟರು, ನವೆಂಬರ್ 7ರಂದು ಮಂತ್ರಿಮಂಡಲವನ್ನೇ ಬಿಟ್ಟರು. ನವೆಂಬರ್ 21ರಂದು ಚೀನಾ ತಾನಾಗಿ ಕದನ ನಿಲ್ಲಿಸಿತು.

ಆ ಗಾಯ ಆರುವ ಮೊದಲೇ 1964ರ ಮೇ 27ರಂದು ನೆಹರೂ ತೀರಿಕೊಂಡರು. ಅಂದೇ ಗುಲ್ಜಾರಿಲಾಲ್ ನಂದಾ ಅವರಿಗೆ ಪ್ರಮಾಣ ವಚನ ಬೋಧಿಸಿದರು. ಜೂನ್ 9ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳಿಗೆ. ಮುಂದಿನ ವರ್ಷ ಪಾಕಿಸ್ತಾನದ ಜೊತೆ ಯುದ್ಧ. 1965ರ ಸೆಪ್ಟೆಂಬರ್ 5, ಶಾಲೆಗಳಲ್ಲಿ ಅವರ 77ನೇ ಹುಟ್ಟುಹಬ್ಬ. ಮರುದಿನ ಬೆಳಗಿನ ಜಾವ ನಮ್ಮ ಸೈನ್ಯ ಗಡಿ ದಾಟಿ ಲಾಹೋರಿನ ಕಡೆ ನಡೆಯಿತು. ಅದರ ಮರುದಿನ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯ ಸರ್ಗೋಧಾ ದಾಳಿಗೆ ಹೋದವರು ಹಿಂತಿರುಗಲಿಲ್ಲ. ತಮ್ಮದಕ್ಕಿಂತ ವೇಗದ ಶತ್ರು ವಿಮಾನದ ಜೊತೆ ಅವರು ಕಾದಿದ್ದು ತಿಳಿದು ಮಹಾವೀರ ಚಕ್ರ ಬಂದದ್ದು 1988ರಲ್ಲಿ. ರಾಷ್ಟ್ರಪತಿಗಳು ರೇಡಿಯೋದಲ್ಲಿ ದೇಶಕ್ಕೆ ಧೈರ್ಯ ಹೇಳಿದರು. ಸೆಪ್ಟೆಂಬರ್ 23ಕ್ಕೆ ಕದನ ನಿಂತಿತು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಮತ್ತೆ ನಂದಾ, ಆಮೇಲೆ ಜನವರಿ 24ರಂದು ಇಂದಿರಾ ಗಾಂಧಿ. ಎರಡು ವರ್ಷ ತುಂಬುವುದರೊಳಗೆ ನಾಲ್ಕು ಸಲ ಪ್ರಧಾನಿಯ ಪ್ರಮಾಣ ವಚನ. ಇಬ್ಬರು ಪ್ರಧಾನಿಗಳ ಸಾವು, ಎರಡು ಯುದ್ಧ. ಅಷ್ಟಾದರೂ ಅಧಿಕಾರ ಒಂದು ದಿನವೂ ದಾರಿ ತಪ್ಪಲಿಲ್ಲ. ನೆರೆಯ ದೇಶಗಳ ಕಥೆ ನೋಡಿದವರಿಗೆ ಇದರ ಬೆಲೆ ಗೊತ್ತು.

ಹೊಗಳಿಕೆ ಮಾತ್ರ ಬರೆದರೆ ಗುರುಗಳು ಒಪ್ಪುವುದಿಲ್ಲ. ಚೀನಾ ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು, ತುರ್ತು ಪರಿಸ್ಥಿತಿ ಮುಗಿಯಲಿಲ್ಲ. ಅದನ್ನು ತೆಗೆದದ್ದು 1968ರ ಜನವರಿಯಲ್ಲಿ. ರಾಧಾಕೃಷ್ಣನ್ 1967ರ ಮೇ 13ರಂದು ಅಧಿಕಾರ ಬಿಟ್ಟ ದಿನವೂ ಅದು ಜಾರಿಯಲ್ಲಿತ್ತು. ಐದು ವರ್ಷದ ಅವಧಿಯಲ್ಲಿ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಜನರ ಕೆಲವು ಮೂಲಭೂತ ಹಕ್ಕುಗಳು ಅವರ ಸಹಿಯ ಕೆಳಗೆ ಕಟ್ಟಿಬಿದ್ದಿದ್ದವು. ಸಲಹೆ ಮಂತ್ರಿಗಳದ್ದಾದರೂ ಈ ಲೆಕ್ಕ ಅವರ ಖಾತೆಯಲ್ಲೂ ಬರೆಯಬೇಕಾಗುತ್ತದೆ. ಹೋಗುವ ಮೊದಲು, 1967ರ ಗಣರಾಜ್ಯೋತ್ಸವದ ಭಾಷಣದಲ್ಲಿ, ಆಡಳಿತದ ಅಸಮರ್ಥತೆ ಮತ್ತು ದೇಶದ ಸಂಪತ್ತಿನ ದುರ್ಬಳಕೆಯನ್ನು ಮತ್ತೊಮ್ಮೆ ನೇರವಾಗಿ ಟೀಕಿಸಿದರು. 1975ರ ಏಪ್ರಿಲ್ 17ರಂದು ಮದ್ರಾಸಿನಲ್ಲಿ ತೀರಿಕೊಂಡರು.

ಅಮೆರಿಕದ ಲಿಂಕನ್ 1861ರ ಮಾರ್ಚಿನಲ್ಲಿ ಅಧ್ಯಕ್ಷರಾದರು, ಮರು ತಿಂಗಳೇ ಅಂತರ್ಯುದ್ಧ ಶುರುವಾಯಿತು. 1865ರಲ್ಲಿ ಅದು ಮುಗಿಯುವ ಹೊತ್ತಿಗೆ ಅವರ ಕೊಲೆಯಾಯಿತು. ಅವರನ್ನು ಜಗತ್ತು ನೆನೆಯುವುದು ಆ ಯುದ್ಧದ ಮೂಲಕವೇ, ಏಕೆಂದರೆ ಅಲ್ಲಿ ಅಧ್ಯಕ್ಷರೇ ಯುದ್ಧದ ನಿರ್ಧಾರ ಮಾಡುವವರು. ನಮ್ಮಲ್ಲಿ 1962ರ ಸೋಲನ್ನು ನೆಹರೂ ಹೊತ್ತರು, 1965ರ ಹೆಮ್ಮೆ ಶಾಸ್ತ್ರಿಗಳ ಹೆಸರಿಗೆ ಸೇರಿತು. ಎರಡೂ ಯುದ್ಧಗಳಲ್ಲಿ ರಾಷ್ಟ್ರಪತಿಯಾಗಿದ್ದ ಒಬ್ಬರೇ ಒಬ್ಬರು ಪೇಟ ಧರಿಸಿ, ಕನ್ನಡಕ ಹಾಕಿಕೊಂಡು, ಶಾಲೆಯ ಗೋಡೆಯ ಫೋಟೋದಲ್ಲಿ ಉಳಿದುಕೊಂಡರು.

ಇದನ್ನೆಲ್ಲ ನಾನು ಓದಿದ್ದು ಯಾಕೆ ಎಂಬುದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಹಣ ಪಾವತಿಯ ಒಂದು ಸಾಫ್ಟ್‌ವೇರ್ ಬಿಡುಗಡೆ ಮಾಡುವುದಿತ್ತು. ಒಂದು ಪರೀಕ್ಷೆಯಲ್ಲಿ ಅದು ಫೇಲ್ ಆಗುತ್ತಿದ್ದದ್ದು ನನಗೆ ಗೊತ್ತಿತ್ತು. ನಿರ್ಧಾರ ಮಾಡುವವನು ನಾನಲ್ಲ, ಮೇಲಿನವರಿಗೆ ಬೇಸರ ಯಾಕೆ ಎಂದು ಸುಮ್ಮನಿದ್ದೆ. ಬಿಡುಗಡೆಯಾದ ರಾತ್ರಿಯೇ ಅದು ಕೆಟ್ಟು, ಸಣ್ಣ ಅಂಗಡಿಯವರ ಹಣ ಎರಡು ದಿನ ಸಿಕ್ಕಿಹಾಕಿಕೊಂಡಿತು. ನಮ್ಮೂರ ಬಜಾರಿನ ಅಂಗಡಿಗಳಂಥವೇ ಅವು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ನಿದ್ದೆ ಬರಲಿಲ್ಲ. ಆ ದಿನಗಳಲ್ಲೇ ರಾಧಾಕೃಷ್ಣನ್ ಅವರ ಮಗ, ಇತಿಹಾಸಕಾರ ಎಸ್. ಗೋಪಾಲ್ ಬರೆದ ಅವರ ಜೀವನ ಚರಿತ್ರೆ ನನ್ನ ಕೈಗೆ ಬಂತು. ನಿರ್ಧಾರ ಮಾಡುವ ಅಧಿಕಾರ ಇಲ್ಲದವನಿಗೂ ಹೇಳುವ ಜವಾಬ್ದಾರಿ ಇರುತ್ತದೆ ಎಂಬುದು ಅದನ್ನು ಓದುತ್ತಾ ಅರ್ಥವಾಯಿತು. ಅಲ್ಲಿಂದ ಮುಂದೆ ಮೀಟಿಂಗಿನಲ್ಲಿ ಕೈ ಎತ್ತುತ್ತೇನೆ. ಕೆಲವು ಸಲ ಕೇಳುತ್ತಾರೆ, ಕೆಲವು ಸಲ ಇಲ್ಲ.

ಗುರುಗಳೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ತಡವಾಯಿತು, ಕ್ಷಮಿಸಿ. ಈಗ ಪಾಠ ಮಾಡುತ್ತಿರುವ ಗುರುವೃಂದದಲ್ಲಿ ಒಂದು ವಿನಂತಿ: ಬರುವ ಸೆಪ್ಟೆಂಬರ್ 5ರಂದು ಯಾವುದಾದರೂ ಮಗು ಸಾರೋಟಿನ ಕಥೆ ಹೇಳಿ ಮುಗಿಸಿದಾಗ, ನಮ್ಮ ಗುರುಗಳು ನನ್ನನ್ನು ಕೇಳಿದಂತೆ, ಆಮೇಲೆ ಏನಾಯಿತು ಎಂದು ಕೇಳಿರಿ. ಶಾಲೆಯ ಗ್ರಂಥಾಲಯಕ್ಕೆ ಅವರ ಜೀವನ ಚರಿತ್ರೆಯ ಒಂದು ಪ್ರತಿ ಕಳಿಸಿದ್ದೇನೆ. ಉತ್ತರ ಅದರಲ್ಲಿದೆ.