ಚದುರಂಗಪ್ರಿಯ ಮುಮ್ಮಡಿ ಕೃಷ್ಣರಾಜ ಒಡೆಯರು

ಮೈಸೂರಿನ ಅರಸರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಚಿರಸ್ಮರಣೀಯವಾದುದು. ಅವರು 1794ರಲ್ಲಿ ಜನಿಸಿದರು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ ಆಂಗ್ಲರು ಐದು ವರ್ಷದ ಈ ಬಾಲಕನಿಗೆ ಪಟ್ಟಗಟ್ಟಿದರು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಿರ್ವಹಿಸಿದರು. ಆ ಕಾಲದಲ್ಲಿಯೇ, ಎಂದರೆ 1802ರಲ್ಲಿ, ಜಾನ್ ವಾರೆನ್ ಎಂಬ ಸೇನಾಧಿಕಾರಿಯು ಕೋಲಾರ ಸೀಮೆಯ ಮಾರಿಕುಪ್ಪಂ ಪರಿಸರದ ಮಣ್ಣಿನಲ್ಲಿ ಚಿನ್ನದ ಕಣಗಳಿರುವುದನ್ನು ಪರೀಕ್ಷಿಸಿ ಕಂಡನು. ಆದರೆ ಆ ಸಂಪತ್ತು ದೊಡ್ಡ ಗಣಿಗಳಿಂದ ಹೊರಬಂದುದು 1880ರ ತರುವಾಯ. ಅದನ್ನು ಕಾಣುವ ಭಾಗ್ಯ ಅರಸರಿಗಿರಲಿಲ್ಲ.

ಪ್ರಾಪ್ತವಯಸ್ಕರಾಗಿ ಅಧಿಕಾರ ವಹಿಸಿಕೊಂಡ ಅರಸರು ಬಹುಕಾಲ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ನಗರ ಸೀಮೆಯಲ್ಲಿ ರೈತರು ದಂಗೆಯೆದ್ದುದನ್ನು ನೆಪಮಾಡಿಕೊಂಡು ಆಂಗ್ಲರು 1831ರಲ್ಲಿ ಆಡಳಿತವನ್ನು ಕೈವಶ ಮಾಡಿಕೊಂಡರು. ಸಿಂಹಾಸನವಿದ್ದರೂ ಅಧಿಕಾರವಿಲ್ಲದ ಅರಸರು ವಿದ್ಯೆ, ಕಲೆಗಳತ್ತ ಮನಸ್ಸನ್ನು ತಿರುಗಿಸಿದರು. ಅವರ ಆಶ್ರಯದಲ್ಲಿ ಕೆಂಪುನಾರಾಯಣ, ಅಳಿಯ ಲಿಂಗರಾಜ ಮೊದಲಾದ ಕವಿಗಳಿದ್ದರು. ಅರಸರ ಹೆಸರಿನಲ್ಲಿ ರಚಿತವಾದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ.

ಚದುರಂಗದಲ್ಲಿ ಅರಸರಿಗೆ ವಿಶೇಷ ಆಸಕ್ತಿ. ಕುದುರೆಯು ಹಲಗೆಯ 64 ಮನೆಗಳಲ್ಲಿಯೂ ತಲಾ ಒಂದೇ ಬಾರಿ ಕಾಲಿಟ್ಟು ಸಂಚರಿಸಬೇಕೆಂಬ ಕಠಿಣ ಸಮಸ್ಯೆಯನ್ನು ಅವರು ಹಲವು ಬಗೆಯಲ್ಲಿ ಬಿಡಿಸಿದರು. ಮನೆಗಳಲ್ಲಿ ಚದುರಿದಂತೆ ಕಾಣುವ ಅಕ್ಷರಗಳನ್ನು ಕುದುರೆಯ ನಡೆಯಂತೆ ಓದಿಕೊಂಡು ಹೋದರೆ ಸಂಸ್ಕೃತ ಶ್ಲೋಕವಾಗುತ್ತಿತ್ತು.

ಆದರೆ ಅವರ ಮುಂದೆ ಇನ್ನೊಂದು ಪಂದ್ಯವಿತ್ತು. ಎದುರಾಳಿ ಅತಿ ಪ್ರಬಲನು. ಔರಸಪುತ್ರನಿಲ್ಲದ ಅರಸರು ಗತಿಸಿದೊಡನೆ ರಾಜ್ಯವು ಸಂಪೂರ್ಣವಾಗಿ ಆಂಗ್ಲರ ಪಾಲಾಗುವ ಭಯವಿತ್ತು. ಸೇನೆಯಾಗಲಿ ಅಧಿಕಾರವಾಗಲಿ ಇಲ್ಲದ ಅವರಿಗೆ ಉಳಿದಿದ್ದುದು ತಾಳ್ಮೆಯೊಂದೇ. ಅವರು 1857ರ ದಂಗೆಯಲ್ಲಿ ಸೇರಲಿಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಮತ್ತೆ ಮತ್ತೆ ಮನವಿ ಸಲ್ಲಿಸಿದರು. ಅಂದು ಕಮಿಷನರ್ ಆಗಿದ್ದವನು ಲೆವಿನ್ ಬೌರಿಂಗ್. ಇಂದಿನ ಬಂಗಾರಪೇಟೆಯು ಹಿಂದೆ ಬೌರಿಂಗ್‌ಪೇಟೆ ಎಂದು ಕರೆಯಲ್ಪಟ್ಟುದು ಅವನ ಹೆಸರಿನಿಂದಲೇ. ನಾಡಿನ ಊರುಗಳು ಅಧಿಕಾರಿಗಳ ಹೆಸರನ್ನು ತಳೆಯುತ್ತಿದ್ದ ಆ ದಿನಗಳಲ್ಲಿಯೂ ಅರಸರು ಧೃತಿಗೆಡಲಿಲ್ಲ. 1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಆಂಗ್ಲ ಸರ್ಕಾರವು ಈ ಉತ್ತರಾಧಿಕಾರಕ್ಕೆ ಮನ್ನಣೆಯಿತ್ತಿತು.

1868ರ ಮಾರ್ಚಿಯಲ್ಲಿ ಮುಮ್ಮಡಿ ಕೃಷ್ಣರಾಜರು ದಿವಂಗತರಾದರು. 1881ರಲ್ಲಿ ಆಡಳಿತವು ಚಾಮರಾಜೇಂದ್ರರಿಗೆ ಹಿಂದಿರುಗಿತು. ತಾವು ಕಳೆದುಕೊಂಡ ಅಧಿಕಾರವನ್ನು ಅರಸರು ಮತ್ತೆ ಪಡೆಯಲಿಲ್ಲ. ಆದರೆ ಮೈಸೂರು ರಾಜ್ಯವು ಅಳಿಯದೆ ಉಳಿಯಿತು.