ಮೂವತ್ತು ರೂಪಾಯಿಯ ಚಾಕರಿ

1910ನೆಯ ಇಸವಿಯಲ್ಲಿ ಮದರಾಸು ಪ್ರಾಂತದ ತಿರುಕ್ಕೋಯಿಲೂರಿನ ಡೆಪ್ಯುಟಿ ಕಲೆಕ್ಟರರನ್ನು ಕಾಣಲು ತರುಣರೊಬ್ಬರು ಬಂದರು. ಅವರ ಕೈಯಲ್ಲಿ ಒಂದು ಗಣಿತದ ಟಿಪ್ಪಣಿ ಪುಸ್ತಕವಿದ್ದಿತು. ಕೇಳಲು ಬಂದುದು ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸವನ್ನು. ಜಗತ್ತಿನ ಶ್ರೇಷ್ಠ ಗಣಿತಜ್ಞರ ಪಂಕ್ತಿಯಲ್ಲಿ ಸೇರಲಿದ್ದ ಶ್ರೀನಿವಾಸ ರಾಮಾನುಜನ್ ಅವರಿಗೆ ಆಗ ಬೇಕಾಗಿದ್ದುದು ಇಷ್ಟೆ.

ರಾಮಾನುಜನ್ ಜನಿಸಿದುದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ, ಬೆಳೆದುದು ಕುಂಭಕೋಣದಲ್ಲಿ. ತಂದೆ ಬಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತೆ. ಆ ಅಲ್ಪ ಸಂಬಳದಲ್ಲಿ ಸಂಸಾರ ಸಾಗದೆ, ಊಟ ವಸತಿಗಾಗಿ ವಿದ್ಯಾರ್ಥಿಗಳನ್ನು ಮನೆಯಲ್ಲಿರಿಸಿಕೊಳ್ಳುವುದೂ ಉಂಟಾಗಿತ್ತು. 1904ರಲ್ಲಿ ಮಗನಿಗೆ ಕಾಲೇಜಿನ ವಿದ್ಯಾರ್ಥಿವೇತನ ದೊರೆತಾಗ ಮನೆಯವರಿಗೆ ಆದ ಸಂತೋಷ ಬಹುಕಾಲ ಉಳಿಯಲಿಲ್ಲ. ಗಣಿತವೊಂದನ್ನೇ ಧ್ಯಾನಿಸುತ್ತಿದ್ದ ರಾಮಾನುಜನ್ ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. 1906ರಲ್ಲಿ ಮದರಾಸಿನ ಪಚ್ಚಯಪ್ಪ ಕಾಲೇಜನ್ನು ಸೇರಿದರು. ಮರುವರ್ಷದ ಎಫ್.ಎ. ಪರೀಕ್ಷೆಯಲ್ಲಿಯೂ ಗಣಿತವೊಂದನ್ನುಳಿದು ಬೇರೆ ವಿಷಯಗಳು ಅವರ ಕೈಹಿಡಿಯಲಿಲ್ಲ. ಅಲ್ಲಿಗೆ ಕಾಲೇಜಿನ ಬಾಗಿಲು ಮುಚ್ಚಿತು.

ಕಾಲವೂ ಅನುಕೂಲವಾಗಿರಲಿಲ್ಲ. 1906ರ ಅಕ್ಟೋಬರಿನಲ್ಲಿ ಮದರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಬ್ಯಾಂಕು ದಿವಾಳಿಯಾಗಿ, ಸಾವಿರಾರು ಜನ ತಮ್ಮ ಉಳಿತಾಯವನ್ನು ಕಳೆದುಕೊಂಡಿದ್ದರು. ಸರ್ಕಾರಿ ಕಚೇರಿಯ ಚಾಕರಿಯೊಂದೇ ನೆಚ್ಚಬಹುದಾದ ಆಸರೆಯೆಂದು ಮಧ್ಯಮ ವರ್ಗದವರು ನಂಬಿದ್ದ ದಿನಗಳವು. ಅಲ್ಲಿ ಪ್ರವೇಶಕ್ಕೆ ಬೇಕಾದುದು ಪರೀಕ್ಷೆಯ ಪ್ರಮಾಣಪತ್ರ. ರಾಮಾನುಜನ್ ಅವರಲ್ಲಿದ್ದುದು ಮೆಟ್ರಿಕ್ಯುಲೇಷನ್ ಮಾತ್ರ. ಟಿಪ್ಪಣಿ ಪುಸ್ತಕದಲ್ಲಿ ತುಂಬಿದ್ದ ಸೂತ್ರಗಳಿಗೆ ಯಾವ ಕಚೇರಿಯಲ್ಲಿ ಬೆಲೆಯಿದ್ದೀತು?

1909ರಲ್ಲಿ ಜಾನಕಿಯೊಡನೆ ಅವರ ವಿವಾಹವಾಯಿತು. ಆ ಕಾಲದ ಪದ್ಧತಿಯಂತೆ ವಧು ಇನ್ನೂ ಬಾಲಿಕೆ. ಜವಾಬ್ದಾರಿ ಹೆಗಲೇರಿದ ಹೊತ್ತಿಗೇ ಕಾಯಿಲೆಯೂ ಕಾಡಿತು. 1910ರ ಆರಂಭದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮನೆಪಾಠ ಹೇಳಿ ಸಂಪಾದಿಸೋಣವೆಂದರೆ, ಪಠ್ಯದ ಎಲ್ಲೆಯನ್ನು ದಾಟಿ ಎಲ್ಲಿಗೋ ಹೋಗಿಬಿಡುವ ಉಪಾಧ್ಯಾಯರನ್ನು ಪರೀಕ್ಷೆಗೆ ಕುಳಿತುಕೊಳ್ಳುವ ಹುಡುಗರು ಎಷ್ಟು ದಿನ ಸಹಿಸಿಯಾರು? ಹೀಗೆ ಎಲ್ಲ ದಾರಿಗಳೂ ಮುಗಿದ ಮೇಲೆಯೇ ಅವರು ತಿರುಕ್ಕೋಯಿಲೂರಿಗೆ ಹೋದುದು.

ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿ ಅವರು ಬೆರಗಾದರು. ಇಂತಹ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳದರ್ಜೆಯ ಕೆಲಸದಲ್ಲಿ ಹೂಳಲು ಅವರಿಗೆ ಮನಸ್ಸಾಗಲಿಲ್ಲ. ಕೆಲಸವನ್ನು ಕೊಡದೆ, ಮದರಾಸಿನಲ್ಲಿದ್ದ ಗಣಿತದ ಪ್ರಾಧ್ಯಾಪಕ ಪಿ.ವಿ. ಶೇಷು ಅಯ್ಯರರಿಗೆ ಪರಿಚಯ ಪತ್ರವನ್ನು ಕೊಟ್ಟು ಕಳುಹಿಸಿದರು. ಅದು ದೂರದೃಷ್ಟಿಯ ನಿರಾಕರಣೆ, ನಿಜ. ಆದರೆ ಹಸಿದು ಬಂದವನಿಗೆ ಪತ್ರ ಅನ್ನವಾಗದು. ಅಂದು ಹಿಂದಿರುಗಿದ ತರುಣರ ಮನಸ್ಸಿನಲ್ಲಿ ಮೆಚ್ಚುಗೆಯ ಹಿಗ್ಗಿಗಿಂತ ಚಿಂತೆಯ ಭಾರವೇ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಆ ಪರಿಚಯಗಳ ಸರಣಿ ಅವರನ್ನು ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾಯರ ಬಳಿಗೆ ಕೊಂಡೊಯ್ದಿತು. ಮೊದಲು ಸಂಶಯಪಟ್ಟ ರಾಯರು, ಸೂತ್ರಗಳ ವಿವರಣೆಯನ್ನು ಕೇಳುತ್ತ ಹೋದಂತೆ ಮನಸೋತು, ತಿಂಗಳಿಗೆ 25 ರೂಪಾಯಿಗಳ ನೆರವು ನೀಡತೊಡಗಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು. ಆದರೆ ಇನ್ನೊಬ್ಬರ ಔದಾರ್ಯದಲ್ಲಿ ಬಹುಕಾಲ ಬದುಕುವುದು ಅವರಿಗೆ ಒಗ್ಗಲಿಲ್ಲ. 1912ರ ಜನವರಿಯಲ್ಲಿ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ 20 ರೂಪಾಯಿ ಸಂಬಳದ ತಾತ್ಕಾಲಿಕ ಕೆಲಸ ಹಿಡಿದರು. ಅದು ಕೆಲವೇ ವಾರಗಳದು.

ಫೆಬ್ರುವರಿ 9ರಂದು ಮದರಾಸು ಬಂದರು ಮಂಡಲಿಗೆ ಅರ್ಜಿ ಬರೆದರು. ಮೆಟ್ರಿಕ್ಯುಲೇಷನ್ ಆಗಿದೆಯೆಂದೂ, ಎಫ್.ಎ.ವರೆಗೆ ಓದಿ ಪ್ರತಿಕೂಲ ಸನ್ನಿವೇಶಗಳಿಂದ ಮುಂದುವರಿಯಲಾಗಲಿಲ್ಲವೆಂದೂ, ಸಮಯವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟಿರುವೆನೆಂದೂ ನಮ್ರತೆಯಿಂದ ತಿಳಿಸಿದ್ದರು. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಮಿಡಲ್‌ಮಾಸ್ಟರ ಶಿಫಾರಸು ಜೊತೆಗಿದ್ದಿತು. ಮಾರ್ಚ್ 1ರಂದು 30 ರೂಪಾಯಿಗಳ ಮಾಸಿಕ ವೇತನದ ಮೇಲೆ ಗುಮಾಸ್ತೆಯಾಗಿ ಸೇರಿದರು.

ಆ ಕಚೇರಿ ಅವರ ಪಾಲಿನ ಭಾಗ್ಯವಾಯಿತು. ಮುಖ್ಯ ಲೆಕ್ಕಾಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತಪ್ರಿಯರು. ಸಂಜೆ ಇಬ್ಬರೂ ಸ್ಲೇಟು ಹಿಡಿದು ಕುಳಿತುಕೊಳ್ಳುತ್ತಿದ್ದರು. ಮಂಡಲಿಯ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಬೆಂಬಲವೂ ದೊರೆಯಿತು. ಕಾಗದಕ್ಕೆ ಮಾತ್ರ ಬಡತನವೇ. ಬರೆದುದನ್ನು ಮೊಣಕೈಯಿಂದಲೇ ಒರೆಸಿ, ಸ್ಲೇಟಿನ ಮೇಲೆ ಮತ್ತೆ ಬರೆಯುವುದು ಅವರ ಅಭ್ಯಾಸವಾಗಿತ್ತು.

1913ರ ಜನವರಿ 16ರಂದು ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಬರೆದ ಪತ್ರದಲ್ಲಿಯೂ ಅವರು ತಮ್ಮ ಗುಮಾಸ್ತೆಗಿರಿಯನ್ನಾಗಲಿ ವಾರ್ಷಿಕ 20 ಪೌಂಡುಗಳ ಸಂಬಳವನ್ನಾಗಲಿ ಮರೆಮಾಚಲಿಲ್ಲ. ಹಾರ್ಡಿಯವರ ಮೆಚ್ಚುಗೆಯ ಬೆನ್ನಿಗೆ, ಪದವಿಯಿಲ್ಲದ ಅವರಿಗೆ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನಿತ್ತಿತು. 1914ರ ಮಾರ್ಚಿನಲ್ಲಿ ಅವರು ಇಂಗ್ಲೆಂಡಿಗೆ ಹಡಗನ್ನೇರಿದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. ದೇಹ ಅಷ್ಟರಲ್ಲಿ ರೋಗಕ್ಕೆ ತುತ್ತಾಗಿದ್ದಿತು.

ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡುಗಳನ್ನು ಗೊತ್ತುಮಾಡಿದಾಗ, 1919ರ ಜನವರಿಯಲ್ಲಿ ರಾಮಾನುಜನ್ ಲಂಡನ್ನಿನಿಂದ ರಿಜಿಸ್ಟ್ರಾರರಿಗೆ ಪತ್ರ ಬರೆದರು. ತಮ್ಮ ಖರ್ಚು ಕಳೆದು, ತಂದೆತಾಯಿಗಳಿಗೆ 50 ಪೌಂಡುಗಳನ್ನು ಕೊಟ್ಟು, ಮಿಕ್ಕುದನ್ನು ಬಡ ಹುಡುಗರ ಮತ್ತು ಅನಾಥರ ಶಾಲಾ ಶುಲ್ಕಕ್ಕೂ ಪುಸ್ತಕಗಳಿಗೂ ಬಳಸಬೇಕೆಂದು ಕೋರಿದರು. ಆ ವರ್ಷವೇ ತಾಯ್ನಾಡಿಗೆ ಮರಳಿದ ಅವರು 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 32.