ಗಾಳಿಯ ಲೆಕ್ಕ ಬರೆದಿಟ್ಟ ಅನ್ನಾ ಮಣಿ

ಮಕ್ಕಳೇ, ಚಿತ್ರದುರ್ಗ ಅಥವಾ ಗದಗದ ಕಡೆ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಅವನ್ನು ಆ ಗುಡ್ಡಗಳ ಮೇಲೆಯೇ ಏಕೆ ನಿಲ್ಲಿಸಿದರು? ಎಲ್ಲಿ, ಯಾವ ತಿಂಗಳು, ಎಷ್ಟು ವೇಗದ ಗಾಳಿ ಬೀಸುತ್ತದೆ ಎಂಬ ಲೆಕ್ಕ ಮೊದಲೇ ಬೇಕು. ನಮ್ಮ ದೇಶಕ್ಕೆ ಅಂಥ ಲೆಕ್ಕವನ್ನು ಕೂಡಿಸಿಕೊಟ್ಟವರಲ್ಲಿ ಅನ್ನಾ ಮಣಿ ಪ್ರಮುಖರು.

ಅವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ಕೇರಳದ ಪೀರ್ಮೇಡಿನಲ್ಲಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದಾಗ, ಅದು ಬೇಡ, ವಿಶ್ವಕೋಶ ಬೇಕು ಎಂದು ಕೇಳಿ ಪಡೆದ ಹುಡುಗಿ ಇವರು. ತಮಾಷೆಯೆಂದರೆ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯ ಸೇರಿದಾಗ ಅವರ ಕೈಗೆ ಬಂದದ್ದು ವಜ್ರಗಳೇ! ವಜ್ರಗಳು ಹೊಮ್ಮಿಸುವ ಬೆಳಕನ್ನು ಫೋಟೋ ಫಲಕದ ಮೇಲೆ ಹಿಡಿಯಲು 15ರಿಂದ 20 ಗಂಟೆ ಕಾಯಬೇಕಿತ್ತು. ಎಷ್ಟೋ ರಾತ್ರಿ ಅವರು ಅಲ್ಲೇ ಮಲಗಿದರು. ಐದು ಸಂಶೋಧನಾ ಲೇಖನ ಬರೆದರು. ಆದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಇದು ಅನ್ಯಾಯವೇ ಸರಿ. ಅವರು ಮಾತ್ರ ಅದನ್ನೇ ನೆನೆಯುತ್ತಾ ಕೂರಲಿಲ್ಲ. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು.

1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿಷಯ ಕಲಿತರು. 1948ರಲ್ಲಿ ಮರಳಿ, ಪುಣೆಯಲ್ಲಿ ಭಾರತ ಹವಾಮಾನ ಇಲಾಖೆ ಸೇರಿದರು. ಆಗ ಬಹುಪಾಲು ಉಪಕರಣಗಳು ಹೊರದೇಶದಿಂದ ಬರಬೇಕಿತ್ತು. ಅನ್ನಾ ಮಣಿ ಮತ್ತು ಸಂಗಡಿಗರು ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ಇಲ್ಲಿಯೇ ತಯಾರಿಸಲು ದಾರಿ ಮಾಡಿದರು.

ಅಳತೆ ತಪ್ಪಾದರೆ ಅವರು ಸಹಿಸುತ್ತಿರಲಿಲ್ಲ. ಏಕೆ ಗೊತ್ತೇ? ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ 2×2×2, ಅಂದರೆ ಎಂಟು ಪಟ್ಟು! ಈಗ ಗಾಳಿಯ ವೇಗ 10 ಇದ್ದಾಗ ನಿಮ್ಮ ಮಾಪಕ 11 ಎಂದು ತೋರಿಸಿತು ಎನ್ನಿ. 10ರ ಘನ 1000, 11ರ ಘನ 1331. ವೇಗದಲ್ಲಿ ಹತ್ತರಲ್ಲಿ ಒಂದು ಪಾಲು ತಪ್ಪಿದರೆ ಶಕ್ತಿಯ ಲೆಕ್ಕ ಮೂರರಲ್ಲಿ ಒಂದು ಪಾಲು ತಪ್ಪುತ್ತದೆ. ಆ ಲೆಕ್ಕ ನಂಬಿ ಯಂತ್ರ ನಿಲ್ಲಿಸಿದವರ ಹಣ ಗಾಳಿಗೆ ಹೋದಂತೆಯೇ.

1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಬಂದರು. ವೀಕ್ಷಣಾಲಯಗಳಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿದ್ದ ಗಾಳಿಯ ದಾಖಲೆಗಳನ್ನು ಒಪ್ಪಗೊಳಿಸಿ, ಡಿ. ಎ. ಮೂಲೆ ಅವರೊಡನೆ 1983ರಲ್ಲಿ ಗ್ರಂಥವಾಗಿ ಹೊರತಂದರು. ಅಷ್ಟು ಸಾಲದು ಎಂದು ಅವರಿಗೆ ಗೊತ್ತಿತ್ತು. ಊರಿನ ಮನೆ, ಮರಗಳ ನಡುವೆ ಅಳೆದ ಗಾಳಿ ಬೇರೆ, ಬೋಳು ಗುಡ್ಡದ ನೆತ್ತಿಯ ಗಾಳಿ ಬೇರೆ. ಆದ್ದರಿಂದ ಎತ್ತರದ ಕಂಬ ನೆಟ್ಟು ಹೊಸದಾಗಿ ಅಳೆಯುವ ಸಮೀಕ್ಷೆ ನಡೆಯಿತು. ಅದರ ಸಂಪುಟಗಳು 1990ರ ದಶಕದಲ್ಲಿ ಅವರ ಹೆಸರಿನಲ್ಲಿ ಬಂದವು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು!

1994ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಈಗ ನಮ್ಮ ರಾಜ್ಯದ ಹೋಬಳಿಗಳಲ್ಲಿ ತಾನೇ ಅಳೆದು ತಾನೇ ಮಾಹಿತಿ ಕಳಿಸುವ ಹವಾಮಾನ ಕೇಂದ್ರಗಳಿವೆ. ನಿಮ್ಮ ಹೋಬಳಿಯಲ್ಲಿ ಅದು ಎಲ್ಲಿದೆ ಎಂದು ಗುರುಗಳನ್ನು ಕೇಳಿ. ಬೇಲಿಯ ಹೊರಗಿನಿಂದಲೇ ನೋಡಿ: ಗಾಳಿಗೆ ತಿರುಗುವ ಬಟ್ಟಲುಗಳು ಎಷ್ಟಿವೆ? ಹತ್ತಿರದಲ್ಲಿ ಗಾಳಿಗೆ ಅಡ್ಡ ನಿಂತ ಮರ, ಗೋಡೆ ಏನಾದರೂ ಇದೆಯೇ? ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.